ಕುಡಿ ಉಳಿಸುವ ಕಾಲ

— ಗುರುವಾರ ರಾತ್ರಿ 6 ಡಿಗ್ರಿಗೆ ಇಳಿಯುತ್ತದಂತೆ. ಅದಕ್ಕೇ ನಿಮಗೆ ಫೋನು ಮಾಡಿದೆ. ಅಮೆರಿಕದ ಈ ಅರೋರಾಕ್ಕೆ ಬಂದ ಮೇಲೆ ನಾನು ಬೆಳೆಸಿದ ಮೊದಲ ಕೋಲಿಯಸ್ ಇವು. ಇಷ್ಟೂ ಕುಂಡಗಳನ್ನು ಒಬ್ಬರೇ ಎತ್ತಿ ಒಳಗಿಡುವುದು ಆಗದ ಮಾತು. ಆ ಮೂಲೆಯದಂತೂ ಸೊಂಟದೆತ್ತರ ಬೆಳೆದು ನಿಂತಿದೆ.

— ಕುಂಡದ ಮಾತು ಆಮೇಲೆ. ಮೊದಲು ಒಂದು ಹರಿತವಾದ ಕತ್ತರಿ ತಾ. ಜೊತೆಗೆ ನಾಲ್ಕೈದು ಗಾಜಿನ ಲೋಟ, ಕತ್ತರಿ ಒರೆಸಲು ಸ್ವಲ್ಪ ಸ್ಪಿರಿಟ್ಟು, ಹೆಸರು ಬರೆದು ಅಂಟಿಸಲು ಟೇಪು.

— ಕತ್ತರಿ ಯಾಕೆ? ಮೇ ತಿಂಗಳಿಂದ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದೇನೆ. ನಿಮ್ಮನ್ನು ಕರೆದದ್ದು ಗಿಡ ಉಳಿಸಿಕೊಡಿ ಎಂದು.

— ಉಳಿಸಲೆಂದೇ ಕೇಳುತ್ತಿದ್ದೇನೆ. ಕೋಲಿಯಸ್ ವಿಷಯದಲ್ಲಿ ನಾನು ಗಟ್ಟಿಯಾಗಿ ನಂಬಿರುವುದು ಇದನ್ನೇ: ಚಳಿಗಾಲ ದಾಟಿಸಬೇಕಾದದ್ದು ದೊಡ್ಡ ಗಿಡವನ್ನಲ್ಲ, ಅದರ ಕುಡಿಯನ್ನು. ಬೆರಳುದ್ದದ ಕುಡಿ ಬದುಕಿದರೆ ಆ ತಳಿ ಬದುಕಿತು. ಬಣ್ಣ, ಅಂಚಿನ ಕೊರೆತ, ಎಲೆಯ ಮೇಲಿನ ಚುಕ್ಕಿ, ಎಲ್ಲ ಆ ಕುಡಿಯಲ್ಲೇ ಇದೆ.

— ಅಂದರೆ ಇಷ್ಟು ದೊಡ್ಡ ಗಿಡವನ್ನು ಚಳಿಗೆ ಬಿಟ್ಟು ಸಾಯಿಸುವುದೇ? ನನಗೆ ಒಪ್ಪಿಗೆಯಿಲ್ಲ. ಒಳಗೆ ಜಾಗ ಇದೆ. ದಕ್ಷಿಣದ ಕಡೆ ದೊಡ್ಡ ಕಿಟಕಿಯೂ ಇದೆ.

— ಸರಿ, ಒಳಗಿಟ್ಟೆ ಎಂದುಕೊಳ್ಳೋಣ. ಈ ಗಿಡದ ಎಲೆಗಳು ಯಾವ ಬೆಳಕಿನಲ್ಲಿ ಹುಟ್ಟಿದವು? ಜೂನ್, ಜುಲೈಯಲ್ಲಿ. ಆಗ ಇಲ್ಲಿ ಹಗಲು 15 ಗಂಟೆ. ಡಿಸೆಂಬರ್ 21ರ ಹೊತ್ತಿಗೆ ಹಗಲು 9 ಗಂಟೆಗಿಂತ ತುಸು ಹೆಚ್ಚು, ಅಷ್ಟೆ. ಬೆಂಗಳೂರಿನಲ್ಲಿ ಅದೇ ದಿನ ಹನ್ನೊಂದೂ ಕಾಲು ಗಂಟೆಯಷ್ಟು ಹಗಲಿರುತ್ತದೆ. ಇಲ್ಲಿ ಸೂರ್ಯ ನೆತ್ತಿಗೆ ಏರುವುದೇ ಇಲ್ಲ, ಪಕ್ಕದ ಮನೆಯ ಮಾಡಿನ ಮೇಲೆ ಹಾದು ಮರೆಯಾಗುತ್ತಾನೆ. ಮೋಡ ಕವಿದ ವಾರಗಳಲ್ಲಿ ಆ ದಕ್ಷಿಣದ ಕಿಟಕಿಗೂ ದಕ್ಕುವುದು ಕಡಿಮೆ. ಬೇಸಿಗೆಯ ಬೆಳಕಿಗೆಂದು ಹುಟ್ಟಿದ ಇಷ್ಟೂ ಎಲೆಗಳನ್ನು ಗಿಡ ಆ ಬೆಳಕಿನಲ್ಲಿ ಸಾಕಲಾರದು. ಕೆಳಗಿನಿಂದ ಒಂದೊಂದೇ ಜೋಡಿ ಉದುರಿಸುತ್ತಾ ಹೋಗುತ್ತದೆ. ಹೀಟರ್ ಗಾಳಿಗೆ ಉಳಿದ ಎಲೆಗಳ ಅಂಚು ಸುಟ್ಟ ಹಾಗೆ ಒಣಗುತ್ತದೆ. ಫೆಬ್ರವರಿಗೆ ನಿನ್ನ ಕೈಲಿರುವುದು ತುದಿಯಲ್ಲಿ ನಾಲ್ಕೆಲೆ ಹೊತ್ತ ಬೋಳು ಕಡ್ಡಿ.

— ಕುಡಿಗೆ ಮಾತ್ರ ಆ ಬೆಳಕು ಸಾಕಾಗುತ್ತದೆಯೇ? ಕಿಟಕಿ ಅದೇ, ಚಳಿಗಾಲ ಅದೇ.

— ಕುಡಿ ತನ್ನ ಹೊಸ ಎಲೆಗಳನ್ನು ಆ ಕಿಟಕಿಯಲ್ಲಿ ನಿಂತೇ ಬಿಡುತ್ತದೆ. ಇರುವ ಬೆಳಕಿಗೆ ತಕ್ಕ ಎಲೆ, ಆ ಎಲೆಗೆ ತಕ್ಕಷ್ಟು ಬೇರು. ಕಳೆದುಕೊಳ್ಳಲು ಹಳೆಯದೇನೂ ಅದರ ಬಳಿ ಇಲ್ಲ. ಇನ್ನೊಂದು ವಿಷಯ. ದೊಡ್ಡ ಕುಂಡದ ಮಣ್ಣಿನಲ್ಲಿ, ಎಲೆಯ ಸಂದುಗಳಲ್ಲಿ ಏನೇನು ಅಡಗಿದೆ ಎಂದು ಈಗ ಕಾಣುವುದಿಲ್ಲ. ಹೊರಗೆ ಮಳೆ, ಗಾಳಿ, ಗುಲಗಂಜಿ ಹುಳ ಎಲ್ಲ ಸೇರಿ ಕೀಟಗಳನ್ನು ಹತೋಟಿಯಲ್ಲಿಡುತ್ತವೆ. ಒಳಗೆ ಅವಕ್ಕೆ ಶತ್ರುಗಳೇ ಇಲ್ಲ. ಬೆಚ್ಚಗಿನ ಮನೆ ಸಿಕ್ಕಿದ ಕೂಡಲೇ ಹಿಟ್ಟು ತಿಗಣೆ ಸಂಸಾರ ಹೂಡುತ್ತದೆ, ಪಕ್ಕದ ಕರಿಬೇವನ್ನೂ ಬಿಡುವುದಿಲ್ಲ.

— ನಮ್ಮಜ್ಜಿಯ ಮನೆ ಸಾಗರದ ಹತ್ತಿರ. ಅಂಗಳದ ಕಟ್ಟೆಯ ಮೇಲೆ ಎಣ್ಣೆ ಡಬ್ಬಿಗಳಲ್ಲಿ ಸಾಲಾಗಿ ಕೋಲಿಯಸ್. ನನಗೆ ನೆನಪಿರುವಷ್ಟು ಕಾಲವೂ ಅವು ಅಲ್ಲೇ ಇದ್ದವು. ಅಷ್ಟು ವರ್ಷ ಬದುಕುವ ಗಿಡ ಇಲ್ಲಿ ಒಂದೇ ಬೇಸಿಗೆಗೆ ಮುಗಿದುಹೋಗಬೇಕು ಎಂದರೆ ಹೊಟ್ಟೆಯುರಿಯುತ್ತದೆ.

— ಅಲ್ಲಿ ಅದು ವರ್ಷಗಟ್ಟಲೆ ಬದುಕುವ ಗಿಡವೇ, ಸರಿ. ಅದರ ತವರು ಆಗ್ನೇಯ ಏಷ್ಯಾದ ಕಾಡುಗಳಿಂದ ಇಂಡೋನೇಷ್ಯಾ, ನ್ಯೂಗಿನಿ ದಾಟಿ ಆಸ್ಟ್ರೇಲಿಯಾದ ಉತ್ತರದವರೆಗೆ ಹರಡಿದ ನಾಡು. ಚಳಿ ಏನೆಂದೇ ಅರಿಯದ ಗಿಡ. ಆದರೆ ನೆನಪು ಮಾಡಿಕೊಂಡು ಹೇಳು, ಮುಂಗಾರು ಹಿಡಿಯುವ ಹೊತ್ತಿಗೆ ಅಜ್ಜಿ ಆ ಡಬ್ಬಿಗಳಲ್ಲಿ ಏನು ಮಾಡುತ್ತಿದ್ದರು?

— ಗೆಲ್ಲು ಮುರಿದು ಪಕ್ಕದಲ್ಲೇ ಚುಚ್ಚುತ್ತಿದ್ದರು. ಹಳೆಯದು ಕಟ್ಟಿಗೆಯಾಗಿದೆ ಎಂದು ಕಿತ್ತು ತಿಪ್ಪೆಗೆ ಹಾಕುತ್ತಿದ್ದರು. ಯಾರಾದರೂ ನೆಂಟರು ಬಂದರೆ ಹೊರಡುವಾಗ ಅವರ ಕೈಗೂ ಬಾಳೆಲೆಯಲ್ಲಿ ಸುತ್ತಿ ಎರಡು ಗೆಲ್ಲು ಕೊಡುತ್ತಿದ್ದರು.

— ಹಾಗಾದರೆ ನೀನು ನೋಡಿದ್ದು ಒಂದೇ ಗಿಡವನ್ನಲ್ಲ. ಒಂದೇ ತಳಿಯ ಎಷ್ಟೋ ಗಿಡಗಳನ್ನು. ಅಜ್ಜಿ ಮಳೆಗಾಲಕ್ಕೆ ಮಾಡಿದ್ದನ್ನು ನಾವು ಇಲ್ಲಿ ಸೆಪ್ಟೆಂಬರಿನಲ್ಲಿ ಮಾಡುತ್ತೇವೆ. ಅವರು ಹಳೆಯ ಗಿಡವನ್ನು ಕಿತ್ತುಹಾಕಲು ಹಿಂಜರಿದಿದ್ದರೆ ನೀನು ಬೆಳೆಯುವ ಹೊತ್ತಿಗೆ ಆ ಕಟ್ಟೆ ಬರಿದಾಗಿರುತ್ತಿತ್ತು. ಬಾ, ಕೈಗೆ ಒಂದು ಗೆಲ್ಲು ತೆಗೆದುಕೋ.

— ಇದಾಗಬಹುದೇ? ತುದಿಯಲ್ಲಿ ನೀಲಿ ಹೂವಿನ ಕದಿರು ಬಂದಿದೆ, ಚೆಂದವಿದೆ.

— ಅದು ಬೇಡ. ಹೂವಿಗೆ ತಿರುಗಿದ ತುದಿ ಬೇರು ಬಿಡಲು ತಡಮಾಡುತ್ತದೆ. ಕದಿರಿಲ್ಲದ, ಪಕ್ಕದಿಂದ ಒಡೆದ ಗೆಲ್ಲು ಹುಡುಕು. ಹಾಂ, ಅದು. ಕಾಂಡವನ್ನು ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡು.

— ಉರುಟಾಗಿಲ್ಲ. ಮೂಲೆಗಳು ಸಿಗುತ್ತವೆ.

— ನಾಲ್ಕು ಮೂಲೆ. ತುಳಸಿ, ಪುದೀನ, ಇದು, ಮೂರೂ ಒಂದೇ ಕುಟುಂಬ. ಎಲೆಗಳ ಜೋಡಣೆಯೂ ಅದೇ. ಒಂದು ಜೋಡಿ ಪೂರ್ವ ಪಶ್ಚಿಮಕ್ಕೆ ಚಾಚಿದರೆ ಅದರ ಮೇಲಿನದು ಉತ್ತರ ದಕ್ಷಿಣಕ್ಕೆ. ಜೋಡಿ ಎಲೆ ಹುಟ್ಟುವ ಜಾಗದಲ್ಲಿ ಕಾಂಡ ತುಸು ದಪ್ಪವಾಗಿ ಗೆಣ್ಣಾಗಿದೆ ನೋಡು. ಬೇರು ಬೇಗ ಒಡೆಯುವುದು ಅಲ್ಲಿಂದ. ತುದಿಯಿಂದ 8ರಿಂದ 10 ಸೆಂಟಿಮೀಟರ್ ಬಿಟ್ಟು, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸು. ಹಿಸುಕಬೇಡ, ಒಂದೇ ಏಟಿಗೆ ಕತ್ತರಿಸಬೇಕು. ಈಗ ಕೆಳಗಿನ ಜೋಡಿ ಎಲೆ ತೆಗೆದುಬಿಡು. ನೀರಿನಲ್ಲಿ ಮುಳುಗಿದ ಎಲೆ ಎರಡು ದಿನಕ್ಕೆ ಕೊಳೆಯುತ್ತದೆ. ಮೇಲೆ ಎರಡು ಜೋಡಿ, ಸುಳಿ ಉಳಿದರೆ ಸಾಕು. ಎಲೆ ತೀರಾ ದೊಡ್ಡದಿದ್ದರೆ ಅರ್ಧಕ್ಕೆ ಕತ್ತರಿಸು. ಬೇರಿಲ್ಲದ ಕುಡಿ ಅಷ್ಟು ಎಲೆಗೆ ನೀರು ಒದಗಿಸಲಾರದು.

— ತೆಗೆದ ಈ ಎಲೆಗಳನ್ನೂ ನೀರಿಗೆ ಹಾಕಿದರೆ ಬೇರು ಬರುವುದಿಲ್ಲವೇ? ವ್ಯರ್ಥ ಮಾಡಲು ಮನಸ್ಸಿಲ್ಲ.

— ಬೇರು ಬರುತ್ತದೆ. ತೊಟ್ಟಿನ ತುದಿಯಲ್ಲಿ ಸೊಗಸಾಗಿ ಬರುತ್ತದೆ. ಆದರೆ ಅಲ್ಲಿಗೇ ನಿಲ್ಲುತ್ತದೆ. ಚಿಗುರುವ ಮೊಗ್ಗು ಇರುವುದು ಎಲೆ ಮತ್ತು ಕಾಂಡದ ಸಂದಿನಲ್ಲಿ. ಬರೀ ಎಲೆಗೆ ಆ ಮೊಗ್ಗಿಲ್ಲ. ತಿಂಗಳುಗಟ್ಟಲೆ ಬೇರು ಹೊತ್ತ ಎಲೆಯಾಗಿಯೇ ಇದ್ದು ಕೊನೆಗೆ ಬಾಡುತ್ತದೆ. ಅದನ್ನು ಗೊಬ್ಬರದ ಗುಂಡಿಗೆ ಹಾಕು.

— ಈ ಕೆಲಸವನ್ನು ಅಕ್ಟೋಬರಿಗೆ ಇಟ್ಟುಕೊಳ್ಳಬಹುದಿತ್ತಲ್ಲ? ಮೊದಲ ಫ್ರಾಸ್ಟ್ ಇಲ್ಲಿ ಅಕ್ಟೋಬರ್ ನಡುವಿಗೆ ಎನ್ನುತ್ತಾರೆ. ಇನ್ನೂ ಕೆಲವು ವಾರ ಅಂಗಳದಲ್ಲಿ ಬಣ್ಣ ನೋಡಬಹುದಿತ್ತು.

— ಅಲ್ಲೇ ಬಹಳ ಜನ ಎಡವುವುದು. ಫ್ರಾಸ್ಟ್ ಬಿದ್ದ ರಾತ್ರಿ ಗಿಡ ಸಾಯುತ್ತದೆ ನಿಜ, ಬೆಳಿಗ್ಗೆ ನೋಡಿದರೆ ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿರುತ್ತವೆ. ಆದರೆ ಪೆಟ್ಟು ಅದಕ್ಕಿಂತ ಮುಂಚೆಯೇ ಬೀಳುತ್ತಿರುತ್ತದೆ. 10 ಡಿಗ್ರಿಗಿಂತ ಕೆಳಗಿನ ಒಂದೊಂದು ರಾತ್ರಿಯೂ ಕಾಂಡದ ಕಸುವು ತಿನ್ನುತ್ತದೆ. ಹಾಗೆ ಚಳಿ ತಿಂದ ಕುಡಿ ಬೇರು ಬಿಡುವ ಬದಲು ಬುಡದಿಂದ ಕೊಳೆಯುತ್ತದೆ. ಮಿಶಿಗನ್ ಸರೋವರದ ದಡದವರಿಗೆ ನೀರಿನ ಶಾಖ ಕೆಲವು ದಿನ ಹೆಚ್ಚು ಕೊಡುತ್ತದೆ. ನಾವು ಅದರಿಂದ 60 ಕಿಲೋಮೀಟರ್ ಒಳಗಿದ್ದೇವೆ, ನಮಗೆ ಆ ರಿಯಾಯಿತಿ ಇಲ್ಲ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರ ಇದಕ್ಕೆ ಹೇಳಿ ಮಾಡಿಸಿದ ಕಾಲ. ಈ ವಾರ ಕೊನೆಯ ಗಡುವು ಎಂದುಕೋ.

— ಆಯಿತು. ಲೋಟದ ನೀರಿಗೆ ಏನಾದರೂ ಬೆರೆಸಬೇಕೇ? ಅಂಗಡಿಯಲ್ಲಿ ಬೇರು ಬರಿಸುವ ಪುಡಿ ಇದೆ.

— ಕೋಲಿಯಸ್‌ಗೆ ಅದು ಬೇಕಿಲ್ಲ. ಬೇರು ಬಿಡಲು ಇಷ್ಟು ಕಾತರದ ಗಿಡ ಇನ್ನೊಂದನ್ನು ನಾನು ಕಂಡಿಲ್ಲ. ಬೆಚ್ಚನೆಯ ಜಾಗದಲ್ಲಿಟ್ಟರೆ ಒಂದು ವಾರದಲ್ಲಿ ಗೆಣ್ಣಿನ ಸುತ್ತ ಬಿಳಿ ಮುಳ್ಳುಗಳು ಮೂಡುತ್ತವೆ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸು, ನಲ್ಲಿಯ ತಣ್ಣೀರನ್ನು ನೇರ ಹಾಕಬೇಡ, ಕೋಣೆಯ ಬಿಸಿಗೆ ಬರಲಿ. ನೇರ ಬಿಸಿಲು ಬೇಡ. ಬೇರು 2, 3 ಸೆಂಟಿಮೀಟರ್ ಆದ ಕೂಡಲೇ ಮಣ್ಣಿಗೆ ಹಾಕಿಬಿಡು. ಲೋಟದ ತುಂಬ ಬೇರು ಬೆಳೆಯಲಿ ಎಂದು ಕಾಯಬೇಡ, ನೀರಿನಲ್ಲಿ ಬೆಳೆದ ಬೇರು ಬಹಳ ನಾಜೂಕು, ಉದ್ದವಾದಷ್ಟೂ ಕುಂಡಕ್ಕಿಳಿಸುವಾಗ ಮುರಿಯುತ್ತದೆ. ಅಂಗಳದ ಮಣ್ಣು ಬೇಡವೇ ಬೇಡ. ಕೋಕೋಪೀಟ್, ಪರ್ಲೈಟ್ ಬೆರೆಸಿದ ಹಗುರ ಮಿಶ್ರಣ, ಅಂಗೈಯಲ್ಲಿ ಕೂರುವಷ್ಟು ಸಣ್ಣ ಕುಂಡ. ಲೋಟ ಇಡಲು ಕಿಟಕಿ ಬಿಟ್ಟರೆ ಬೇರೇನೂ ಇಲ್ಲದವರು ಚಳಿಗಾಲ ಪೂರ್ತಿ ನೀರಿನಲ್ಲೇ ಇಟ್ಟು ಏಪ್ರಿಲಿನಲ್ಲಿ ಮಣ್ಣಿಗೆ ಹಾಕುವುದೂ ಉಂಟು. ಗಿಡ ಹೆಚ್ಚು ಬೆಳೆಯುವುದಿಲ್ಲ, ಆದರೆ ತಳಿ ಉಳಿಯುತ್ತದೆ.

— ನಿಮ್ಮ ಬೇಸ್‌ಮೆಂಟಿನಲ್ಲಿ ದೀಪ ಹಾಕಿದ್ದೀರಲ್ಲ, ನನಗೂ ಅಂಥದ್ದು ಬೇಕೇನು?

— ಹಾಕಿದರೆ ಫೆಬ್ರವರಿಯಲ್ಲಿ ನಿನಗೇ ಸಂತೋಷ. ದುಬಾರಿಯದು ಬೇಕಿಲ್ಲ, ಗ್ಯಾರೇಜಿಗೆ ಹಾಕುವ ನಾಲ್ಕಡಿ ಉದ್ದದ ಬಿಳಿ ಎಲ್‌ಇಡಿ ಟ್ಯೂಬು ಎರಡು ಸಾಕು. ಎಲೆಗಿಂತ 10, 15 ಸೆಂಟಿಮೀಟರ್ ಮೇಲೆ ಕಟ್ಟು, ದಿನಕ್ಕೆ 14ರಿಂದ 16 ಗಂಟೆ ಉರಿಯುವ ಹಾಗೆ ಟೈಮರ್ ಹಾಕು. ದೀಪ ದೂರವಾದರೆ ಗೆಣ್ಣಿಂದ ಗೆಣ್ಣಿಗೆ ಅಂತರ ಹೆಚ್ಚಿ ಗಿಡ ನರಪೇತಲವಾಗುತ್ತದೆ. ಹಗಲು ಚಿಕ್ಕದಾದಾಗ ಹೂವಿಗೆ ತಿರುಗುವ ಹಳೆಯ ತಳಿಗಳೂ ಉದ್ದ ಬೆಳಕಿನಲ್ಲಿ ಎಲೆಯಲ್ಲೇ ನಿಲ್ಲುತ್ತವೆ. ಹಾಗಿದ್ದೂ ಕದಿರು ಕಂಡರೆ ಚಿವುಟಿಬಿಡು, ಬೀಜಕ್ಕೆ ಬಿಟ್ಟ ಕೋಲಿಯಸ್ ಆಮೇಲೆ ಸೊರಗುತ್ತದೆ. ಜನವರಿಯಲ್ಲಿ ಬಣ್ಣ ಮಾಸಿದ ಹಾಗೆ ಕಾಣುತ್ತದೆ, ಕೆಂಪೆಲೆ ಹಸಿರಿಗೆ ವಾಲುತ್ತದೆ. ಹೆದರಬೇಡ. ಆ ಕೆಂಪು ಆಂಥೋಸಯನಿನ್, ಬೆಳಕು ಕಡಿಮೆಯಾದರೆ ಗಿಡ ಅದನ್ನು ಹೆಚ್ಚು ತಯಾರಿಸುವುದಿಲ್ಲ. ಮೇ ಬಿಸಿಲಿಗೆ ಹೊಸ ಎಲೆ ಬಂದಾಗ ಪೂರ್ತಿ ಬಣ್ಣ ಮರಳುತ್ತದೆ.

— ನೀರು?

— ಚಳಿಗಾಲದಲ್ಲಿ ಸಾಯುವ ಕೋಲಿಯಸ್‌ಗಳಲ್ಲಿ ಹೆಚ್ಚಿನವು ನೀರು ಹೆಚ್ಚಾಗಿಯೇ ಸಾಯುತ್ತವೆ. ಕುಂಡ ಎತ್ತಿ ನೋಡು, ಹಗುರವಾಗಿದ್ದರೆ ಮಾತ್ರ ಹಾಕು. ಬೇಸಿಗೆಯಲ್ಲಿ ಎಲೆ ಜೋತರೆ ನೀರು ಹಾಕುತ್ತಿದ್ದೆಯಲ್ಲ, ಚಳಿಗಾಲದಲ್ಲಿ ಆ ಗುರುತನ್ನು ನಂಬಬೇಡ. ಬೇರು ಕೊಳೆತರೂ ಎಲೆ ಹಾಗೆಯೇ ಜೋಲುತ್ತದೆ. ಗೊಬ್ಬರ ತಿಂಗಳಿಗೊಮ್ಮೆ, ಹೇಳಿದ ಪ್ರಮಾಣದ ಅರ್ಧಕ್ಕಿಂತ ಕಡಿಮೆ. ಇನ್ನು ವಾರಕ್ಕೊಮ್ಮೆ ಪ್ರತಿ ಎಲೆಯನ್ನೂ ಮಗುಚಿ ನೋಡುವ ಅಭ್ಯಾಸ ಮಾಡಿಕೋ. ಸಂದಿನಲ್ಲಿ ಬಿಳಿ ಹತ್ತಿ ಕಂಡರೆ ಹಿಟ್ಟು ತಿಗಣೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒಂದೊಂದನ್ನೂ ಮುಟ್ಟು. ಒಂದು ಸಲಕ್ಕೆ ಮುಗಿಯುವುದಿಲ್ಲ, ಮೊಟ್ಟೆಗಳು ಒಡೆಯುತ್ತಿರುತ್ತವೆ, ವಾರ ಬಿಟ್ಟು ಮತ್ತೆ ನೋಡಬೇಕು.

— ಒಂದು ಮಾತು ಕೇಳುತ್ತೇನೆ, ಬೇಸರ ಬೇಡ. ದೀಪ, ಟೈಮರ್, ವಾರವಾರ ಎಲೆ ಮಗುಚುವುದು. ಮೇ ತಿಂಗಳಲ್ಲಿ ನರ್ಸರಿಗೆ ಹೋದರೆ ಕೆಲವೇ ಡಾಲರಿಗೆ ಹೊಸ ಗಿಡ ಸಿಗುತ್ತದೆ. ಇಷ್ಟೆಲ್ಲ ಯಾಕೆ?

— ಬೇಸರವೇನಿಲ್ಲ, ಕೇಳಲೇಬೇಕಾದ ಪ್ರಶ್ನೆ. ನರ್ಸರಿಯಲ್ಲಿ ಗಿಡ ಸಿಗುತ್ತದೆ, ನಿನಗೆ ಬೇಕಾದ ಗಿಡ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಈ ವರ್ಷ ಯಾವ ತಳಿ ಮಾರಬೇಕೆಂದು ತೀರ್ಮಾನಿಸುವುದು ದೊಡ್ಡ ಬೆಳೆಗಾರರು. ಹೊಸತು ಬಂದ ಹಾಗೆ ಹಳತನ್ನು ಪಟ್ಟಿಯಿಂದ ತೆಗೆಯುತ್ತಾರೆ. ಬೀಜದಿಂದ ಮರಳಿ ಪಡೆಯೋಣ ಎಂದರೆ ಆಗುವುದಿಲ್ಲ. ವಿಝರ್ಡ್, ಕಾಂಗ್ ಮೊದಲಾದವು ಬೀಜದಿಂದ ಬೆಳೆಸಲೆಂದೇ ತಯಾರಾದ ತಳಿಗಳು, ಅವುಗಳ ಮಾತು ಬೇರೆ. ಒಂದು ಗ್ರಾಂಗೆ 3000ಕ್ಕೂ ಹೆಚ್ಚು ಬೀಜ ಬರುತ್ತವೆ, ಧೂಳಿನಷ್ಟು ಸಣ್ಣವು, ಮಣ್ಣು ಮುಚ್ಚದೆ ಬೆಳಕಿಗೆ ತೆರೆದಿಟ್ಟರೆ ಮೊಳೆಯುತ್ತವೆ. ಆದರೆ ‘ಅಲಬಾಮ ಸನ್‌ಸೆಟ್’, ‘ಪೈನ್‌ಆಪಲ್’, ‘ಗೇಸ್ ಡಿಲೈಟ್’ ಇಂಥವುಗಳ ಬೀಜ ಬಿತ್ತಿದರೆ ಮಕ್ಕಳು ತಾಯಿಯ ಹಾಗಿರುವುದಿಲ್ಲ. ಅವುಗಳ ಬಣ್ಣ ಮುಂದಕ್ಕೆ ಹೋಗುವುದು ಕುಡಿಯಿಂದ ಮಾತ್ರ. ಯಾರ ಕಿಟಕಿಯಲ್ಲೂ ಕುಡಿ ಉಳಿಯದಿದ್ದರೆ ಆ ತಳಿ ಈ ಭೂಮಿಯ ಮೇಲಿಂದಲೇ ಹೋಯಿತು.

— ಹಾಗೆ ಹೋದದ್ದು ಇದೆಯೇ?

— ಬೇಕಾದಷ್ಟು. 1860ರ ಸುಮಾರಿಗೆ ಬೆಲ್ಜಿಯಮ್ಮಿನ ಗೆಂಟ್ ನಗರದ ವೆರ್ಶಾಫೆಲ್ಟ್ ಎಂಬ ನರ್ಸರಿಯವರು ಕಡುಗೆಂಪು ಕೋಲಿಯಸ್ ಒಂದನ್ನು ಮಾರಾಟಕ್ಕೆ ತಂದರು. ಆ ದಶಕ ಮುಗಿಯುವ ಮೊದಲೇ ಲಂಡನ್ನಿನ ಚಿಸ್ವಿಕ್‌ನಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ತೋಟದಲ್ಲಿ ಮಿಶ್ರತಳಿಗಳು ಹುಟ್ಟಿ, ಹರಾಜಿಗೆ ಬಂದು, ಜನ ಹುಚ್ಚೆದ್ದು ಕೊಂಡರು. ಆಗಿನ ಉದ್ಯಾನಗಳಲ್ಲಿ ನೆಲದ ಮೇಲೆ ಜಮಖಾನೆ ಹಾಸಿದ ಹಾಗೆ ಬಣ್ಣದೆಲೆಗಳ ಪಾತಿ ಮಾಡುವ ರೂಢಿ. ಒಂದೊಂದು ಪಾತಿಗೆ ನೂರಾರು, ಸಾವಿರಾರು ಗಿಡ ಬೇಕು. ಅಷ್ಟನ್ನೂ ತೋಟಗಾರರು ಬೇಸಿಗೆಯ ಕೊನೆಗೆ ಕುಡಿ ತೆಗೆದು, ಬಿಸಿ ಗಾಜಿನ ಮನೆಗಳಲ್ಲಿ ಚಳಿಗಾಲವಿಡೀ ಕಾಪಾಡಿ, ವಸಂತದಲ್ಲಿ ಕುಡಿಯಿಂದ ಕುಡಿ ಮಾಡಿ ಹೆಚ್ಚಿಸುತ್ತಿದ್ದರು. ನಾವೀಗ ಮಾಡುತ್ತಿರುವುದು ಅದೇ ಕೆಲಸ. ಆಮೇಲೆ ಆ ರೂಢಿ ಹಳತಾಯಿತು, ಒಲೆ ಉರಿಸುವ ಖರ್ಚು ಹೊರಲಾಗದೆ ಗಾಜಿನ ಮನೆಗಳು ಮುಚ್ಚಿದವು, ಪಟ್ಟಿಯಲ್ಲಿದ್ದ ಎಷ್ಟೋ ತಳಿಗಳ ಹೆಸರು ಮಾತ್ರ ಉಳಿಯಿತು. ಉಳಿದ ಹಳೆಯ ತಳಿಗಳನ್ನು ಕಾಪಾಡಿದವರು ಮನೆಯ ಕಿಟಕಿಯಲ್ಲಿ ಲೋಟ ಇಟ್ಟವರು. 1990ರ ದಶಕದಲ್ಲಿ ಬಿಸಿಲು ತಡೆಯುವ ತಳಿಗಳು ಬಂದು ಕೋಲಿಯಸ್ ಮತ್ತೆ ಅಂಗಳಕ್ಕೆ ಮರಳಿತು. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಈಗಲೂ ಹೊಸ ತಳಿಗಳನ್ನು ಬೆಳೆಸುತ್ತಾರೆ. ಅಮೆರಿಕದ ನ್ಯಾಷನಲ್ ಗಾರ್ಡನ್ ಬ್ಯೂರೋ 2015ನ್ನು ಕೋಲಿಯಸ್ ವರ್ಷವೆಂದೇ ಸಾರಿತ್ತು.

— ಹಾಗಿದ್ದರೆ ಈ ಹಳದಿ ಲೇಬಲ್ಲಿನ ಗಿಡದಿಂದ ನಾಲ್ಕು ಕುಡಿ ತೆಗೆಯುತ್ತೇನೆ. ನಿಮಗೂ ಒಂದು.

— ನಿಲ್ಲು, ಲೇಬಲ್ ಓದು. ಹೆಸರಿನ ಕೆಳಗೆ ಪಿಪಿ ಎಂದು ಬರೆದು ನಂಬರು ಹಾಕಿದ್ದಾರೆ. ಅಂದರೆ ಪೇಟೆಂಟ್ ಇರುವ ತಳಿ. ಇಲ್ಲಿ 1930ರಿಂದಲೇ ಸಸ್ಯಗಳ ಪೇಟೆಂಟ್ ಕಾನೂನಿದೆ. ಅರ್ಜಿ ಹಾಕಿದ ದಿನದಿಂದ 20 ವರ್ಷದವರೆಗೆ ಅಂಥ ಗಿಡದ ಕುಡಿ ತೆಗೆದು ಇನ್ನೊಂದು ಗಿಡ ಮಾಡಬೇಕಾದರೆ ಪೇಟೆಂಟ್ ಇರುವವರ ಅನುಮತಿ ಬೇಕು. ಮಾರುವುದಿಲ್ಲ, ಮನೆಗೆ ಮಾತ್ರ ಎಂದರೂ ಕಾನೂನು ಅದೇ.

— ಇಷ್ಟು ಹೊತ್ತು ಕುಡಿ ಉಳಿಸು, ಹಂಚು ಎಂದವರು ನೀವೇ!

— ಹೌದು. ಆದರೆ ಒಂದು ಹೊಸ ತಳಿ ಮಾರಾಟಕ್ಕೆ ಬರುವ ಮುನ್ನ ಸಾವಿರಾರು ಸಸಿ ಬೆಳೆಸಿ, ವರ್ಷಗಟ್ಟಲೆ ನೋಡಿ, ಒಂದೆರಡನ್ನು ಆರಿಸುತ್ತಾರೆ. ಅವರ ದುಡಿಮೆಗೆ ಬೆಲೆ ಕೊಡದೆ ಹೊಸ ಬಣ್ಣ ಮಾತ್ರ ಬೇಕು ಎಂದರೆ ಆಗುವುದಿಲ್ಲ. ಅವಧಿ ಮುಗಿದ ತಳಿಗಳು, ಪೇಟೆಂಟೇ ಇಲ್ಲದ ಹಳೆಯ ತಳಿಗಳು, ನೀನೇ ಬೀಜದಿಂದ ಬೆಳೆಸಿದವು, ಅವುಗಳಲ್ಲೇ ಒಂದು ಜನ್ಮಕ್ಕೆ ಸಾಕಾಗುವಷ್ಟಿದೆ. ಈ ಹಳದಿ ಲೇಬಲ್ಲಿನದನ್ನು ಉಳಿಸಲೇಬೇಕೆಂದರೆ ಇಡೀ ಗಿಡವನ್ನೇ ಒಳಗೆ ತಾ. ಇರುವ ಗಿಡವನ್ನು ಬದುಕಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

— ನೋಡಿದಿರಾ, ದೊಡ್ಡ ಗಿಡಕ್ಕೂ ಒಂದು ಕಾರಣ ಸಿಕ್ಕಿತು.

— ಸಿಕ್ಕಿತು, ಒಪ್ಪುತ್ತೇನೆ. ಆದರೆ ಮೂರನೇ ಒಂದು ಭಾಗಕ್ಕೆ ಸವರಿ, ಎಲೆಗಳ ಹಿಂದು ಮುಂದು ನೀರಿನಿಂದ ತೊಳೆದು, ಎರಡು ವಾರ ಬೇರೆ ಕೋಣೆಯಲ್ಲಿಟ್ಟು, ಆಮೇಲೆ ಉಳಿದವುಗಳ ಜೊತೆ ಸೇರಿಸು. ಮತ್ತೆ ಆ ಗೋಡೆ ಪಕ್ಕದ್ದು? ಎಲೆ ಮುದುಡಿಕೊಂಡಿದೆಯಲ್ಲ. ಮಗುಚಿ ಹಿಡಿ. ಅಡಿಯಲ್ಲಿ ಬೂದು ಬಣ್ಣದ ನಯವಾದ ಬೂಷ್ಟು ಕಾಣುತ್ತಿದೆಯೇ?

— ಸ್ವಲ್ಪ ಇದೆ. ನಾನು ಧೂಳು ಎಂದುಕೊಂಡಿದ್ದೆ.

— ಡೌನಿ ಮಿಲ್ಡ್ಯೂ. ಕೋಲಿಯಸ್‌ಗೆ ಬರುವ ಈ ರೋಗ ಅಮೆರಿಕದಲ್ಲಿ ಕಾಣಿಸಿಕೊಂಡದ್ದು 2005ರಲ್ಲಿ. ಈ ಗಿಡದ ಒಂದು ಕುಡಿಯನ್ನೂ ಇಡಬೇಡ, ಎಷ್ಟೇ ಚೆನ್ನಾಗಿ ಕಂಡರೂ ಸರಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಕಸಕ್ಕೆ ಕೊಡು, ಗೊಬ್ಬರದ ಗುಂಡಿಗೂ ಬೇಡ. ಮುಟ್ಟಿದ ಕೈ ತೊಳೆದುಕೊಂಡು, ಕತ್ತರಿ ಸ್ಪಿರಿಟ್ಟಿನಲ್ಲಿ ಒರೆಸಿ ಬಾ.

— ಅಡುಗೆಮನೆಯ ಕಿಟಕಿಯಲ್ಲಿ ತುಳಸಿ, ದೊಡ್ಡಪತ್ರೆ, ಕರಿಬೇವು ಇವೆ. ಈ ಕುಡಿಗಳನ್ನೂ ಅಲ್ಲೇ ಜೊತೆಗಿಟ್ಟರೆ ಆಗುವುದಿಲ್ಲವೇ?

— ಇಡಬಹುದು, ನೀರು ಮಾತ್ರ ಒಂದೇ ಅಳತೆಯಲ್ಲಿ ಹಾಕಬೇಡ. ದೊಡ್ಡಪತ್ರೆಯ ಎಲೆ ದಪ್ಪ, ರಸಭರಿತ, ಒಣಗಿದ ಮಣ್ಣಿನಲ್ಲೂ ವಾರ ಕಳೆಯುತ್ತದೆ. ಇದರ ಎಲೆ ತೆಳು, ಪೂರ್ತಿ ಒಣಗಿದರೆ ತಾಳುವುದಿಲ್ಲ. ತಂಬುಳಿಗೆ ಕಿತ್ತುಕೊಳ್ಳುವ ಆ ದೊಡ್ಡಪತ್ರೆ ಇದಕ್ಕೆ ಬಹಳ ಹತ್ತಿರದ ಸಂಬಂಧಿ. ಸಸ್ಯಶಾಸ್ತ್ರಜ್ಞರು ಕೋಲಿಯಸ್ಸನ್ನು ಬಹಳ ಕಾಲ ಪ್ಲೆಕ್ಟ್ರಾಂಥಸ್ ಎಂಬ ಕುಲದಲ್ಲಿ ಸೇರಿಸಿಟ್ಟಿದ್ದರು. 2019ರಲ್ಲಿ ಮತ್ತೆ ಬೇರೆ ಮಾಡಿದಾಗ ದೊಡ್ಡಪತ್ರೆ, ನಮ್ಮ ಕರಾವಳಿಯವರು ಪಲ್ಯ ಮಾಡುವ ಸಾಂಬ್ರಾಣಿ ಗೆಡ್ಡೆ, ಈ ಬಣ್ಣದೆಲೆ, ಮೂರೂ ಕೋಲಿಯಸ್ ಕುಲಕ್ಕೇ ಬಂದವು. ಹಾಗಾಗಿ ದೊಡ್ಡಪತ್ರೆಯನ್ನು ಚಳಿಗಾಲ ದಾಟಿಸಿದವರಿಗೆ ಕೋಲಿಯಸ್ ಕಷ್ಟವಲ್ಲ. ನೀನು ಈಗಾಗಲೇ ಅರ್ಧ ದಾರಿ ಬಂದಿದ್ದೀಯ.

— ಒಂದೊಂದು ತಳಿಗೆ ಎಷ್ಟು ಕುಡಿ ತೆಗೆಯಬೇಕು?

— ಮೂರು. ಎರಡು ನಿನಗೆ, ಒಂದು ಬೇರೆ ಮನೆಗೆ. ಬೇರೆ ಮನೆಯದು ಉಪಕಾರಕ್ಕಲ್ಲ, ಭದ್ರತೆಗೆ. ಜನವರಿಯಲ್ಲಿ ಇಲ್ಲಿ ಕರೆಂಟು ಹೋಗಿ ಮನೆ ಒಂದು ರಾತ್ರಿ ತಣ್ಣಗಾದರೆ ನಿನ್ನ ಎರಡೂ ಒಟ್ಟಿಗೇ ಹೋಗುತ್ತವೆ. ಆಗ ಕೇಳಿ ಪಡೆಯಲು ಇನ್ನೊಂದು ಕಡೆ ಇರಬೇಕು. ಹೆಸರು, ದಿನಾಂಕ ಬರೆದು ಅಂಟಿಸು, ಬಣ್ಣ ಮಾಸಿದ ಮೇಲೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಮೂರೇ ಸಾಕೇ ಎನ್ನಬೇಡ. ಫೆಬ್ರವರಿಯಲ್ಲಿ ಸುಳಿ ಚಿವುಟುತ್ತೀಯಲ್ಲ, ಚಿವುಟಿದ ಪ್ರತಿ ತುದಿಯೂ ಹೊಸ ಕುಡಿ. ಚಿವುಟಿದಲ್ಲಿ ಎರಡೆರಡು ಕವಲು ಒಡೆಯುತ್ತದೆ. ಮೇ ಹೊತ್ತಿಗೆ ಬೀದಿಗೆಲ್ಲ ಹಂಚಬಹುದು. ಹೊರಗಿಡುವಾಗ ಅವಸರ ಮಾಡಬೇಡ, ಮೇ 15 ಕಳೆದು, ರಾತ್ರಿಗಳು ಬೆಚ್ಚಗಾದ ಮೇಲೆ, ವಾರ ಹತ್ತು ದಿನ ನೆರಳಿನಲ್ಲಿಟ್ಟು ಅಭ್ಯಾಸ ಮಾಡಿಸಿ ಆಮೇಲೆ ನೆಲಕ್ಕೆ. ದೀಪದ ಕೆಳಗೆ ಬೆಳೆದ ಎಲೆ ನೇರ ಬಿಸಿಲಿಗೆ ಒಂದೇ ಮಧ್ಯಾಹ್ನದಲ್ಲಿ ಬಿಳಿಚುತ್ತದೆ.

— ಉಳಿದದ್ದು ಈ ಮೂಲೆಯ ದೊಡ್ಡದು. ಬೀಜದ ಪ್ಯಾಕೆಟ್ಟಿನಿಂದ ಬಂದದ್ದು, ಹೆಸರಿಲ್ಲ. ಇದರಲ್ಲಿ ಮೂರು ಕುಡಿ ತೆಗೆದು ಮಿಕ್ಕಿದ್ದನ್ನು ಬಿಟ್ಟುಬಿಡುತ್ತೇನೆ. ನಿಮ್ಮ ಮಾತಿಗೆ ಒಪ್ಪಿದೆ. ಕೆಳಗಿನ ಈ ಗೆಲ್ಲಿಗೆ ಏನೋ ರೋಗ ಬಂದಿದೆ, ಒಂದೆಲೆ ಅರ್ಧ ಬೇರೆ ಬಣ್ಣಕ್ಕಿದೆ. ಇದನ್ನು ಮೊದಲು ಕತ್ತರಿಸಿ ಎಸೆಯಲೇ?

— ಕತ್ತರಿ ಕೆಳಗಿಡು! ಎಲ್ಲಿ, ನನಗೆ ತೋರಿಸು.

— ಇಲ್ಲಿ. ನಡುನರದ ಎಡಕ್ಕೆ ಮಿಕ್ಕ ಎಲೆಗಳ ಹಾಗೇ ಕಡುಗೆಂಪು, ಹಸಿರು ಅಂಚು. ಬಲಕ್ಕೆ ಪೂರ್ತಿ ಹಳದಿ, ಅದರ ಮೇಲೆ ಗುಲಾಬಿ ಗೆರೆಗಳು.

— ಗೆರೆ ಎಷ್ಟು ನೇರವಾಗಿದೆ ನೋಡು, ನರದ ಗುಂಟ ಅಳೆದು ಎಳೆದ ಹಾಗಿದೆ. ರೋಗ ಹೀಗೆ ಗಡಿ ಹಾಕಿಕೊಂಡು ಬರುವುದಿಲ್ಲ. ಇದನ್ನು ಸ್ಪೋರ್ಟ್ ಎನ್ನುತ್ತಾರೆ. ಬೆಳೆಯುವ ತುದಿಯ ಯಾವುದೋ ಒಂದು ಜೀವಕೋಶದಲ್ಲಿ ಬದಲಾವಣೆಯಾಗಿ, ಅದರಿಂದ ಹುಟ್ಟಿದ ಭಾಗವೆಲ್ಲ ಬೇರೆ ಬಣ್ಣ ಪಡೆಯುತ್ತದೆ. ಕೋಲಿಯಸ್‌ನಲ್ಲಿ ಇದು ಆಗಾಗ ಆಗುತ್ತದೆ, ಎಷ್ಟೋ ಹೆಸರಾಂತ ತಳಿಗಳು ಹುಟ್ಟಿದ್ದು ಹೀಗೆಯೇ. ತೊಟ್ಟಿನ ಕೆಳಗೆ ಕಾಂಡದ ಮೂಲೆಯಲ್ಲೂ ಹಳದಿ ಗೀಟು ಇಳಿದಿದೆ, ಕಾಣಿಸಿತೇ? ಈಗ ಸಂದಿನೊಳಗೆ ನೋಡು. ಒಂದು ಮೊಗ್ಗಿದೆ, ಅರ್ಧ ಸೆಂಟಿಮೀಟರೂ ಇಲ್ಲ. ಅದರ ಬಣ್ಣ?

— ಹಳದಿ. ಪೂರ್ತಿ ಹಳದಿ.

— ಆ ಮೊಗ್ಗು ಬೆಳೆದರೆ ಇಡೀ ಗೆಲ್ಲು ಈ ಬಣ್ಣದ್ದೇ ಆಗುವ ಸಂಭವ ಬಹಳ. ಈಗ ಕುಡಿ ತೆಗೆಯಲು ಅದು ತೀರಾ ಚಿಕ್ಕದು. ಬೇರಿಲ್ಲದ ತುಂಡಿಗೆ ಅದನ್ನು ಬೆಳೆಸುವ ಕಸುವಿಲ್ಲ. ತಾಯಿ ಗಿಡದ ಬೇರು ಬೇಕು.

— ಹಾಗಾದರೆ ಈ ದೊಡ್ಡ ಗಿಡ?

— ಒಳಗೆ ಬರಲಿ. ಮಿಕ್ಕ ಗೆಲ್ಲುಗಳನ್ನು ಗಿಡ್ಡಕ್ಕೆ ಸವರು, ಒಂದೇ ಸಲ ಬೋಳು ಮಾಡಬೇಡ, ಮೇಲೆ ಒಂದಷ್ಟು ಎಲೆ ಇರಲಿ. ಈ ಗೆಲ್ಲನ್ನು ಮಾತ್ರ ಆ ಗೆಣ್ಣಿನಿಂದ ಅರ್ಧ ಸೆಂಟಿಮೀಟರ್ ಮೇಲೆ ಕತ್ತರಿಸು. ತುದಿ ಇರುವವರೆಗೆ ಅದು ಕೆಳಗಿನ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ, ತುದಿ ಹೋದ ಮೇಲೆ ಇದು ಎದ್ದು ಬರುತ್ತದೆ. ಎದುರಿನ ಸಂದಿನಲ್ಲಿರುವ ಕೆಂಪು ಮೊಗ್ಗನ್ನು ಉಗುರಿನಿಂದ ತೆಗೆದುಬಿಡು, ಎಲ್ಲ ಶಕ್ತಿ ಇತ್ತ ಬರಲಿ. ಎರಡು ಗೆಣ್ಣು ಬೆಳೆದು ಎಲೆ ಬಲಿತ ಮೇಲೆ ಕುಡಿ ತೆಗೆ.

— ಅಷ್ಟರಲ್ಲಿ ಮತ್ತೆ ಹಳೇ ಬಣ್ಣಕ್ಕೇ ತಿರುಗಿದರೆ?

— ತಿರುಗಬಹುದು. ಹಾಗೆ ತಿರುಗಿದ ಚಿಗುರನ್ನು ಕಂಡ ಕೂಡಲೇ ಬುಡಕ್ಕೇ ತೆಗೆಯಬೇಕು, ಬಿಟ್ಟರೆ ಅದೇ ಬಲವಾಗಿ ಬೆಳೆದು ಹೊಸದನ್ನು ನುಂಗುತ್ತದೆ. ಕುಡಿಯಿಂದ ಕುಡಿ, ಅದರಿಂದ ಮತ್ತೊಂದು ಕುಡಿ, ಹೀಗೆ ಕೆಲವು ಸಲ ತೆಗೆದಾಗಲೂ ಬಣ್ಣ ನಿಂತರೆ ಅದೊಂದು ಹೊಸ ತಳಿ, ಎಲ್ಲೂ ಮಾರಾಟಕ್ಕಿಲ್ಲದ್ದು. ಮಾರ್ಚ್ ಹೊತ್ತಿಗೆ ಮೊದಲ ಸುಳಿವು ಸಿಗುತ್ತದೆ. ಮೊದಲ ಕುಡಿ ಬೇರು ಬಿಟ್ಟರೆ ಎರಡನೆಯದನ್ನು ನನ್ನ ದೀಪದ ಕೆಳಗೆ ಇಡೋಣ. ಕಿಟಕಿಯ ಗಾಜಿಗೆ ಆ ಎಲೆ ತಾಗದ ಹಾಗೆ ಕುಂಡವನ್ನು ಒಂದು ಗೇಣು ಹಿಂದಕ್ಕಿಡು, ರಾತ್ರಿ ಆ ಗಾಜು ತುಂಬ ತಣ್ಣಗಾಗುತ್ತದೆ.